ಫ್ಯಾನ್ ಹಚ್ಚುವ ಮುನ್ನ



ಹೋದ ವರ್ಷ ಏಪ್ರಿಲ್‌ನಲ್ಲಿ ನಾವು ಗಂಡ ಹೆಂಡತಿ ಆಳಂದದ ಕಡೆ ಒಂದು ಮದುವೆಗೆ ಹೋಗಿದ್ದೆವು. ಬೆಳಿಗ್ಗೆ ಏಳಕ್ಕೆ ಕಲಬುರಗಿಯ ಮನೆಗೆ ಬೀಗ ಹಾಕಿದವರು ಸಂಜೆ ಆರಕ್ಕೆ ಬಂದು ತೆಗೆದೆವು. ನೋಡಿದರೆ, ಪಡಸಾಲೆಯ ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು. ಅವಸರದಲ್ಲಿ ಆರಿಸಲು ಮರೆತವನು ನಾನೇ. ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ. ಆದರೆ ನನ್ನ ಹೆಂಡತಿ ಬೈಯಲಿಲ್ಲ. "ಹೋಗ್ಲಿ ಬಿಡ್ರಿ, ದಿನಪೂರ್ತಿ ತಿರುಗ್ಯದ, ಪಡಸಾಲಿಯರೆ ತಂಪ ಆಗಿರ್ತದ" ಅಂದಳು.

ಮೂವತ್ತು ವರ್ಷ ಕಾಲೇಜಿನಲ್ಲಿ ಭೌತವಿಜ್ಞಾನ ಪಾಠ ಮಾಡಿದವನ ಮನೆಯಲ್ಲಿಯೇ ಈ ಮಾತು! ಬೈಸಿಕೊಂಡಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಆಮೇಲೆ ಯೋಚಿಸಿದರೆ, ಅವಳೊಬ್ಬಳದ್ದೇ ಅಲ್ಲ ಈ ನಂಬಿಕೆ. ನೆಂಟರು ಬರುವ ಅರ್ಧ ತಾಸು ಮೊದಲೇ ಕೋಣೆಯಲ್ಲಿ ಫ್ಯಾನ್ ಹಾಕಿಡುವವರು ಎಷ್ಟು ಜನರಿಲ್ಲ? ಮಗು ಮಲಗುವ ಮುಂಚೆ ಕೋಣೆ ತಂಪಾಗಿರಲಿ ಎಂದು ಊಟದ ಹೊತ್ತಿಗೇ ಸ್ವಿಚ್ ಒತ್ತುವ ತಾಯಂದಿರು ಎಷ್ಟಿಲ್ಲ?

ಮರುದಿನ ನಾನು ಹಳೆಯ ಚಟಕ್ಕೆ ಬಿದ್ದು ಒಂದು ಸಣ್ಣ ಪ್ರಯೋಗ ಮಾಡಿದೆ. ನಮ್ಮ ಮನೆಯಲ್ಲಿ ಅಕ್ಕಪಕ್ಕ ಒಂದೇ ಅಳತೆಯ ಎರಡು ಕೋಣೆಗಳಿವೆ. ಎರಡರಲ್ಲೂ ಒಂದೊಂದು ಉಷ್ಣಮಾಪಕ ತೂಗುಹಾಕಿ, ಕಿಟಕಿ ಬಾಗಿಲು ಮುಚ್ಚಿ, ಒಂದರಲ್ಲಿ ಮಾತ್ರ ಫ್ಯಾನ್ ಹಾಕಿ ಎರಡು ತಾಸು ಬಿಟ್ಟೆ. ತೆಗೆದು ನೋಡಿದಾಗ ಎರಡೂ ಕಡೆ ಪಾದರಸ 37 ಡಿಗ್ರಿಯ ಹತ್ತಿರವೇ ನಿಂತಿತ್ತು. ಫ್ಯಾನ್ ತಿರುಗುತ್ತಿದ್ದ ಕೋಣೆಯದು ಕೂದಲೆಳೆಯಷ್ಟು ಮೇಲೆಯೇ ಇತ್ತು.

ಮೇಲೆ ಇರಲೇಬೇಕು. ಸಾಮಾನ್ಯ ಫ್ಯಾನು ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ವಿದ್ಯುತ್ ತಿನ್ನುತ್ತದೆ. ತಿಂದದ್ದರಲ್ಲಿ ಒಂದಿಷ್ಟು ಮೋಟರಿನ ಸುರುಳಿಯಲ್ಲೇ ಬಿಸಿಯಾಗುತ್ತದೆ. ಉಳಿದದ್ದು ಗಾಳಿಯನ್ನು ಓಡಿಸುತ್ತದೆ. ಆ ಗಾಳಿ ಗೋಡೆಗೆ, ನೆಲಕ್ಕೆ, ತನಗೆ ತಾನೇ ತಿಕ್ಕಿ ನಿಂತಾಗ ಅದೂ ಬಿಸಿಯೇ ಆಗುತ್ತದೆ. ಲೆಕ್ಕಕ್ಕೆ 75 ವ್ಯಾಟಿನ ಬಲ್ಬು ಹೊತ್ತಿಸಿಟ್ಟದ್ದೂ ಒಂದೇ, ಖಾಲಿ ಕೋಣೆಯಲ್ಲಿ ಫ್ಯಾನ್ ಹಾಕಿದ್ದೂ ಒಂದೇ. ಮೈಸೂರು ಬೆಂಗಳೂರಿನ ಕಡೆ "ಫ್ಯಾನ್ ಹಾಕು" ಅನ್ನುತ್ತಾರೆ. ನಮ್ಮ ಕಡೆ "ಫ್ಯಾನ್ ಹಚ್ಚು" ಅನ್ನುತ್ತೇವೆ, ದೀಪ ಹಚ್ಚಿದ ಹಾಗೆ, ಒಲೆ ಹಚ್ಚಿದ ಹಾಗೆ. ಭೌತವಿಜ್ಞಾನದ ಮಟ್ಟಿಗೆ ನಮ್ಮ ಮಾತೇ ಹೆಚ್ಚು ಸರಿ ಎಂದು ನನಗೆ ಆ ದಿನ ಅನ್ನಿಸಿತು.

ಹಾಗಾದರೆ ಫ್ಯಾನಿನ ಕೆಳಗೆ ಕೂತಾಗ ಹಾಯೆನಿಸುವುದು ಸುಳ್ಳೇ? ಸುಳ್ಳಲ್ಲ. ಅದೇ ಉಷ್ಣಮಾಪಕದ ಬುರುಡೆಗೆ ಒದ್ದೆ ಮಾಡಿದ ಹತ್ತಿಬಟ್ಟೆಯ ಚೂರು ಸುತ್ತಿ ಮತ್ತೆ ಫ್ಯಾನಿನ ಕೆಳಗೆ ಹಿಡಿದೆ. ನೋಡನೋಡುತ್ತಿದ್ದಂತೆ ಪಾದರಸ ಸರಸರನೆ ಇಳಿದು 23ರ ಸುಮಾರಿಗೆ ಬಂತು. ಗಾಳಿ ಅದೇ, ಫ್ಯಾನು ಅದೇ, ಬೇರೆಯಾದದ್ದು ಆ ಹನಿ ನೀರು ಮಾತ್ರ. ನೀರು ಆವಿಯಾಗಬೇಕಾದರೆ ಶಾಖ ಬೇಕು. ಆ ಶಾಖವನ್ನು ಅದು ತಾನು ಅಂಟಿಕೊಂಡ ವಸ್ತುವಿನಿಂದಲೇ ಕಿತ್ತುಕೊಳ್ಳುತ್ತದೆ. ನಮ್ಮ ಮನೆಯ ಮೂಲೆಯಲ್ಲಿ ಮರಳಿನ ಮೇಲೆ ಕೂತ ಮಣ್ಣಿನ ಗಡಿಗೆ ಮಾಡುವುದೂ ಇದನ್ನೇ. ಗಡಿಗೆಯ ಮೈಯಿಂದ ನೀರು ಜಿನುಗುತ್ತದೆ, ಆವಿಯಾಗುತ್ತದೆ, ಒಳಗಿನ ನೀರು ತಣ್ಣಗಾಗುತ್ತದೆ. ಗಾಳಿಯಾಡುವ ಕಡೆ ಇಟ್ಟ ಗಡಿಗೆ ಬೇಗ ತಣ್ಣಗಾಗುತ್ತದೆ ಎಂಬುದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು.

ಮನುಷ್ಯನೂ ಒಂದು ಗಡಿಗೆಯೇ. ಸುಮ್ಮನೆ ಕೂತವನ ಮೈ ಸುಮಾರು 100 ವ್ಯಾಟ್ ಶಾಖ ಹೊರಹಾಕುತ್ತಿರುತ್ತದೆ. ಆ ಶಾಖವನ್ನೆಲ್ಲ ಬೆವರೇ ಹೊತ್ತೊಯ್ಯಬೇಕೆಂದರೆ ತಾಸಿಗೆ ಸುಮಾರು 150 ಮಿಲಿಲೀಟರ್, ಅಂದರೆ ಒಂದು ಚಿಕ್ಕ ಲೋಟದಷ್ಟು ಬೆವರು ಮೈಮೇಲೇ ಆವಿಯಾಗಬೇಕು. ಹರಿದು ಬನಿಯನ್ನಿಗೆ ಇಳಿದ ಬೆವರು ಈ ಲೆಕ್ಕಕ್ಕಿಲ್ಲ. ಗಾಳಿಯಾಡದ ಕಡೆ ನಮ್ಮ ಮೈಗೆ ಅಂಟಿಕೊಂಡು ತೇವಗೊಂಡ ಗಾಳಿಯ ಒಂದು ತೆಳು ಹೊದಿಕೆ ಇರುತ್ತದೆ. ಬೆವರು ಅದರೊಳಗೆ ಸಿಕ್ಕಿಕೊಂಡು ಒದ್ದಾಡುತ್ತದೆ. ಫ್ಯಾನು ಆ ಹೊದಿಕೆಯನ್ನು ಎಳೆದು ಬಿಸಾಕುತ್ತದೆ, ಅಷ್ಟೇ ಅದರ ಕೆಲಸ. ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ. ಕೋಣೆಯಲ್ಲಿರುವ ಮನುಷ್ಯನನ್ನು ತಂಪು ಮಾಡುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ. ಉಳಿದದ್ದೆಲ್ಲ ಇದರ ಬಾಲ.

ಮೊದಲ ಬಾಲ: ಗಡಿಗೆಯಲ್ಲಿ ನೀರಿರಬೇಕು. ಫ್ಯಾನಿನ ಕೆಳಗೆ ಕೂತವನಿಗೆ ಬೆವರು ಕಾಣುವುದಿಲ್ಲ, ಹುಟ್ಟುತ್ತಲೇ ಆರಿಹೋಗಿರುತ್ತದೆ. ಬೆವರಿಲ್ಲವಲ್ಲ ಎಂದು ಅವನು ನೀರು ಕುಡಿಯುವುದನ್ನು ಮರೆಯುತ್ತಾನೆ. ನಮ್ಮ ಬಯಲುಸೀಮೆಯ ಒಣ ಝಳದಲ್ಲಿ ಇದು ದೊಡ್ಡ ಮೋಸ. ಫ್ಯಾನು ಜೋರಾಗಿದ್ದಷ್ಟೂ ನೀರು, ಉಪ್ಪು ಹಾಕಿದ ಮಜ್ಜಿಗೆ, ಪಾನಕ ಹೊಟ್ಟೆಗೆ ಹೋಗುತ್ತಿರಬೇಕು. ಎರಡನೆಯದು, ಗಡಿಗೆಯ ಮೈ ಉಸಿರಾಡಬೇಕು. ಮೈಗಂಟುವ ನೈಲಾನ್ ಬಟ್ಟೆ ತೊಟ್ಟು ಫ್ಯಾನಿನ ಕೆಳಗೆ ಕೂರುವುದು ಗಡಿಗೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಗಾಳಿಗೆ ಇಟ್ಟ ಹಾಗೆ. ಸಡಿಲವಾದ ಹತ್ತಿಬಟ್ಟೆ ಇದ್ದರೆ ಫ್ಯಾನು ಎರಡು ಅಂಕಿ ಕಡಿಮೆಯಿದ್ದರೂ ನಡೆಯುತ್ತದೆ.

ಇಲ್ಲಿ ಕರಾವಳಿಯ ಕೇಳುಗರಿಗೆ ಒಂದು ಮಾತು. ಮಂಗಳೂರಿನಲ್ಲಿ 34 ಡಿಗ್ರಿಗೇ ಯಾಕೆ ಜೀವ ಹೋದ ಹಾಗಾಗುತ್ತದೆ, ಕಲಬುರಗಿಯವರು 40ರಲ್ಲೂ ಹೇಗೆ ತಡೆಯುತ್ತಾರೆ ಎಂದು ಕೇಳುತ್ತಾರೆ. ಉತ್ತರ ಆ ಒದ್ದೆ ಬಟ್ಟೆಯ ಉಷ್ಣಮಾಪಕದಲ್ಲಿದೆ. ನಮ್ಮಲ್ಲಿ 40 ಡಿಗ್ರಿ ಇದ್ದು ಗಾಳಿಯ ತೇವ ಶೇಕಡಾ 20 ಇದ್ದರೆ ಒದ್ದೆ ಬಟ್ಟೆ 23ರ ಆಸುಪಾಸಿಗೆ ಇಳಿಯುತ್ತದೆ. ನಿಮ್ಮಲ್ಲಿ 34 ಡಿಗ್ರಿ ಇದ್ದು ತೇವ ಶೇಕಡಾ 70 ಇದ್ದರೆ ಅದು 29ಕ್ಕೇ ನಿಂತುಬಿಡುತ್ತದೆ. ಅಂದರೆ ನಿಮ್ಮ ಗಾಳಿ ಈಗಾಗಲೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿದೆ, ನಿಮ್ಮ ಬೆವರಿಗೆ ಅದರಲ್ಲಿ ಜಾಗ ಕಡಿಮೆ. ಆದ್ದರಿಂದ ಕರಾವಳಿಯಲ್ಲಿ ಫ್ಯಾನಿಲ್ಲದೆ ಒಂದು ಗಳಿಗೆಯೂ ನಡೆಯದು, ಕಿಟಕಿಯನ್ನೂ ತೆರೆದೇ ಇಡಬೇಕು. ನಾವಿಲ್ಲಿ ಸಂಜೆ ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ, ಕಿಟಕಿಗೆ ಲಾವಂಚದ ತಟ್ಟಿಯನ್ನೋ ಒದ್ದೆ ಪಂಚೆಯನ್ನೋ ಕಟ್ಟಿ ಫ್ಯಾನ್ ಹಚ್ಚಿದರೆ ಸ್ವರ್ಗ. ಇದನ್ನೇ ನೀವು ಮಂಗಳೂರಿನಲ್ಲಿ ಮಾಡಿದರೆ ತೇವ ಇನ್ನೂ ಏರಿ ಮನೆ ಇಡ್ಲಿ ಪಾತ್ರೆಯಾಗುತ್ತದೆ. ಕೂಲರ್ ಇಟ್ಟುಕೊಂಡವರೂ ಇದನ್ನು ನೆನಪಿಡಬೇಕು. ಕೂಲರ್ ಕೊಡುವುದು ತೇವದ ಗಾಳಿ. ಆ ಗಾಳಿ ಆಚೆ ಹೋಗಲು ಎದುರಿನ ಕಿಟಕಿ ತೆರೆದಿರದಿದ್ದರೆ ಒಂದು ತಾಸಿನಲ್ಲಿ ಕಲಬುರಗಿಯೊಳಗೇ ಮಂಗಳೂರು ಬಂದು ಕೂರುತ್ತದೆ.

ಈಗ ಫ್ಯಾನಿನ ಮಿತಿಯ ಮಾತು. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಬೀಸುವ ಗಾಳಿ ಅದಕ್ಕಿಂತ ತಂಪಾಗಿದ್ದರೆ ಎರಡು ಲಾಭ: ಗಾಳಿ ತಾನೂ ಶಾಖ ಒಯ್ಯುತ್ತದೆ, ಬೆವರನ್ನೂ ಆರಿಸುತ್ತದೆ. ಗಾಳಿ ಅದಕ್ಕಿಂತ ಬಿಸಿಯಾಗಿದ್ದರೆ ಒಂದು ಲಾಭ, ಒಂದು ನಷ್ಟ: ಬೆವರು ಆರುತ್ತದೆ, ಆದರೆ ಗಾಳಿಯೇ ಮೈಗೆ ಶಾಖ ತುಂಬುತ್ತದೆ. 40 ಡಿಗ್ರಿ ದಾಟಿದ ಮೇಲೆ ಫ್ಯಾನು ಮೈಯನ್ನು ತಣಿಸುವ ಬದಲು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಮೇ ತಿಂಗಳ ಮಧ್ಯಾಹ್ನ ತಗಡಿನ ಶೀಟಿನ ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಖಕ್ಕೆ ಒಲೆಯ ಬಾಯಿ ತೆರೆದ ಹಾಗಿರುತ್ತದೆ.

ಅದರಲ್ಲೂ ವಯಸ್ಸಾದವರಿಗೆ ಬೆವರು ಕಡಿಮೆ, ಬಾಯಾರಿಕೆ ತಿಳಿಯುವುದೂ ಕಡಿಮೆ. ಕೆಲವು ಔಷಧಿಗಳೂ ಬೆವರನ್ನು ತಡೆಯುತ್ತವೆ. ಅವರ ಪಾಲಿಗೆ ಅಪಾಯ ಇನ್ನೂ ಮೊದಲೇ ಶುರುವಾಗುತ್ತದೆ. ಅಂಥ ಹೊತ್ತಿನಲ್ಲಿ ಬೆವರಿನ ಕೆಲಸವನ್ನು ನೀರಿಗೆ ಒಪ್ಪಿಸಬೇಕು. ಟವೆಲ್ ಒದ್ದೆ ಮಾಡಿ ಹಿಂಡಿ ಕುತ್ತಿಗೆ, ತೋಳು, ಕಾಲಿಗೆ ಆಗಾಗ ಒರೆಸುತ್ತಿರಿ. ಅಜ್ಜ ಅಜ್ಜಿಯನ್ನು ಶೀಟಿನ ಕೋಣೆಯಿಂದ ಎಬ್ಬಿಸಿ ಗೋಡೆ ದಪ್ಪಗಿರುವ, ನೆಲದಂತಸ್ತಿನ ಕೋಣೆಗೆ, ಇಲ್ಲವೇ ಬೇವಿನ ಮರದ ನೆರಳಿಗೆ ಕರೆತನ್ನಿ. ಯಾರಿಗಾದರೂ ಮೈ ಸುಡುತ್ತಿದ್ದು ಮಾತು ತೊದಲಿದರೆ, ಬಡಬಡಿಸಿದರೆ, ಎಚ್ಚರ ತಪ್ಪಿದರೆ ಅದು ಫ್ಯಾನಿನ ಕೆಲಸವಲ್ಲ. ಮೈಮೇಲೆ ನೀರು ಸುರಿಯುತ್ತಾ 108ಕ್ಕೆ ಫೋನ್ ಮಾಡಿ.

ಸರಿ, ಈಗ ಕೋಣೆಯ ಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಮನೆಗಳಲ್ಲಿ ಹೆಚ್ಚಾಗಿ ಇರುವುದು 1200 ಮಿಲಿಮೀಟರ್, ಅಂದರೆ 48 ಇಂಚಿನ ಫ್ಯಾನು. ಒಳ್ಳೆಯ ಫ್ಯಾನು ಪೂರ್ತಿ ವೇಗದಲ್ಲಿ ನಿಮಿಷಕ್ಕೆ 210 ಘನ ಮೀಟರ್ ಗಾಳಿ ನೂಕುತ್ತದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯಲ್ಲಿ ಇರುವ ಗಾಳಿಯೇ ಸುಮಾರು 34 ಘನ ಮೀಟರ್. ಅಂದರೆ ಫ್ಯಾನು ಕೋಣೆಯ ಅಷ್ಟೂ ಗಾಳಿಯನ್ನು ನಿಮಿಷಕ್ಕೆ ಆರು ಸಲ ಕೆಳಗಿಳಿಸಿ ಮೇಲೇರಿಸುತ್ತದೆ. ಆರೂ ಸಲ ಅದೇ ಗಾಳಿ! ಕೆಳಗೆ ಬಡಿದು, ನೆಲದ ಮೇಲೆ ಹರಡಿ, ಗೋಡೆ ಹತ್ತಿ, ಸೂರಿನ ಅಡಿಗೆ ಹೋಗಿ, ಮತ್ತೆ ರೆಕ್ಕೆಯ ಬಾಯಿಗೆ ಬೀಳುತ್ತದೆ. ಸೂರು ಕಾದಿದ್ದರೆ ಪ್ರತಿ ಸುತ್ತಿಗೂ ಒಂದಿಷ್ಟು ಕಾವು ಹೊತ್ತು ತರುತ್ತದೆ.

ನಮ್ಮ ಹಿರಿಯರು ಕಲ್ಲು, ಮಣ್ಣು ಹೇರಿ ಕಟ್ಟಿದ ಮಾಳಿಗೆ ಮನೆಗಳಲ್ಲಿ ಈ ತಂಟೆ ಕಡಿಮೆ. ಹಗಲಿನ ಬಿಸಿಲು ಆ ದಪ್ಪವನ್ನು ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ನಾಲ್ಕೈದು ಇಂಚಿನ ಸ್ಲ್ಯಾಬಿಗೆ ಅಷ್ಟು ತಾಳ್ಮೆಯಿಲ್ಲ. ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆಯಿಂದ ನಡುರಾತ್ರಿಯ ತನಕ ಕೋಣೆಯೊಳಕ್ಕೆ ಸುರಿಯುತ್ತದೆ. "ರಾತ್ರಿ ಹತ್ತಾದರೂ ಫ್ಯಾನ್ ಬಿಸಿಗಾಳಿ ಹೊಡೆಯುತ್ತದೆ" ಎಂಬ ದೂರು ನಿಮ್ಮದಾಗಿದ್ದರೆ ಫ್ಯಾನನ್ನು ಬೈಯಬೇಡಿ, ತಾರಸಿ ಹತ್ತಿ ನೋಡಿ. ಬೇಸಿಗೆಗೆ ಮುಂಚೆ ತಾರಸಿಗೆ ಬಿಳಿ ಸುಣ್ಣವನ್ನೋ ಬಿಸಿಲು ತಡೆಯುವ ಬಿಳಿ ಬಣ್ಣವನ್ನೋ ಬಳಿಯಿರಿ. ಸಂಜೆ ನೀರು ಚಿಮುಕಿಸಿ. ಶೀಟಿನ ಮನೆಯಾದರೆ ಅಡಿಯಲ್ಲಿ ಒಂದು ಗೇಣು ಬಿಟ್ಟು ಚಾಪೆಯ ಸೂರು ಕಟ್ಟಿ. ಅಂಥ ಮನೆಯಲ್ಲಿ ಸೀಲಿಂಗ್ ಫ್ಯಾನಿಗಿಂತ ನೆಲದ ಹತ್ತಿರವೇ ಗಾಳಿ ಎಳೆಯುವ ಟೇಬಲ್ ಫ್ಯಾನು ಮೇಲು. ತಂಪು ಗಾಳಿ ಇರುವುದು ಕೆಳಗೆ, ಬಿಸಿ ಗಾಳಿ ಇರುವುದು ಮೇಲೆ.

ಕಿಟಕಿಯ ವಿಷಯದಲ್ಲೂ ಒಂದು ಲೆಕ್ಕವಿದೆ. ಒಳಗಿಗಿಂತ ಹೊರಗೆ ಬಿಸಿ ಇದ್ದರೆ ಮುಚ್ಚಿ. ಒಳಗಿಗಿಂತ ಹೊರಗೆ ತಂಪಿದ್ದರೆ ತೆರೆಯಿರಿ. ನಮ್ಮ ಬಯಲುಸೀಮೆಯಲ್ಲಿ ಅಂದರೆ ಬೆಳಿಗ್ಗೆ ಒಂಬತ್ತರ ಒಳಗೆ ಕಿಟಕಿ ಮುಚ್ಚಿ, ಪರದೆ ಎಳೆದು, ಸಂಜೆ ಹೊರಗಿನ ಗಾಳಿ ತಣ್ಣಗಾದ ಮೇಲೆ ಎದುರುಬದುರಿನ ಕಿಟಕಿ ತೆರೆಯುವುದು. ಆಗ ಫ್ಯಾನು ಸೂರಿನ ಬಿಸಿಗಾಳಿಯನ್ನೇ ಸುತ್ತಿಸುವ ಬದಲು ಹೊಸ ಗಾಳಿಯನ್ನು ಕಲೆಸುತ್ತದೆ. ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ಮಲಗುವ ಮುಂಚೆ ಅರ್ಧ ತಾಸು ಬಿಟ್ಟರೆ ಮನೆಯ ಹಳೆಯ ಬಿಸಿಗಾಳಿ ಆಚೆ ಹೋಗುತ್ತದೆ. ಖಾಲಿ ಮನೆಯಲ್ಲಿ ತಿರುಗಿದರೂ ಅರ್ಥವಿರುವ ಫ್ಯಾನು ಅದೊಂದೇ.

ಇನ್ನು ಎಲ್ಲಿ ಕೂರಬೇಕು, ಎಲ್ಲಿ ಮಲಗಬೇಕು ಎಂಬ ಪ್ರಶ್ನೆ. ಬೇಸಿಗೆಯಲ್ಲಿ ನಾನು ಹೋದ ಮನೆಗಳಲ್ಲೆಲ್ಲ ಒಂದು ದೃಶ್ಯ ಸಾಮಾನ್ಯ: ಫ್ಯಾನು ಕೋಣೆಯ ನಟ್ಟನಡುವೆ, ಮಂಚ ಮೂಲೆಯ ಗೋಡೆಗೆ ಅಂಟಿಕೊಂಡು. ಅಷ್ಟು ಕರೆಂಟು ಖರ್ಚಾಗಿ ಗಾಳಿ ಬೀಳುತ್ತಿರುವುದು ಖಾಲಿ ನೆಲದ ಮೇಲೆ. ಒಂದು ಕೋಲಿನ ತುದಿಗೆ ಪತ್ರಿಕೆಯ ತೆಳು ಪಟ್ಟಿ ಅಂಟಿಸಿ ಫ್ಯಾನಿನ ಕೆಳಗೆ, ಸೊಂಟದ ಎತ್ತರದಲ್ಲಿ ಹಿಡಿದು ನಡೆದಾಡಿ ನೋಡಿ. ನಡುವಿನ ಡಬ್ಬಿಯ ನೇರ ಕೆಳಗೆ ಪಟ್ಟಿ ಅಷ್ಟಾಗಿ ಹಾರಾಡುವುದಿಲ್ಲ. ರೆಕ್ಕೆಗಳ ಅಡಿಯಲ್ಲಿ ಜೋರಾಗಿ ಹಾರುತ್ತದೆ. ರೆಕ್ಕೆಯ ವೃತ್ತ ದಾಟಿ ಗೋಡೆಯ ಕಡೆ ಹೋದಂತೆ ಸುಸ್ತಾಗುತ್ತದೆ. ಪಟ್ಟಿ ಹಾರಿದ ಕಡೆ ಮಂಚ ಎಳೆಯಿರಿ. ಬೇಸಿಗೆಗೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಸೊಳ್ಳೆಪರದೆ ಕಟ್ಟುವವರಿಗೆ ಇದು ಇನ್ನೂ ಮುಖ್ಯ, ಒತ್ತಾದ ಪರದೆ ಗಾಳಿಯ ಬಲವನ್ನು ಮುರಿಯುತ್ತದೆ. ಅಂದಹಾಗೆ, ಸೊಳ್ಳೆ ಹಾರಾಟದಲ್ಲಿ ಅಶಕ್ತ ಪ್ರಾಣಿ. ನೇರ ಗಾಳಿ ಬೀಳುವ ಕಡೆ ಅದಕ್ಕೆ ಇಳಿಯುವುದು ಕಷ್ಟ. ಮಂಚ ಎಳೆದದ್ದಕ್ಕೆ ಅದೊಂದು ಕೊಸರು.

ಎತ್ತರಕ್ಕೂ ಒಂದು ಲೆಕ್ಕ ಇದೆ. ಸೂರಿಗೂ ರೆಕ್ಕೆಗೂ ನಡುವೆ ಕನಿಷ್ಠ 30 ಸೆಂಟಿಮೀಟರ್, ಅಂದರೆ ಒಂದಡಿ ಬಿಡಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಸೂತ್ರದಂತೆ ಹತ್ತಡಿ ಎತ್ತರದ ಕೋಣೆಯಲ್ಲಿ ರೆಕ್ಕೆ ನೆಲದಿಂದ ಸುಮಾರು ಎಂಟಡಿ ಮೇಲೆ ಇದ್ದರೆ ಸರಿ. ಹೊಸ ಮನೆಗಳಲ್ಲಿ ಸೂರು ತಗ್ಗು ಎಂದು ಫ್ಯಾನಿನ ರಾಡನ್ನು ಗೇಣುದ್ದಕ್ಕೆ ಕತ್ತರಿಸಿ ಹಾಕಿಸುತ್ತಾರೆ. ಫ್ಯಾನು ಮೇಲಿನಿಂದ ಗಾಳಿ ಎಳೆದು ಕೆಳಗೆ ನೂಕಬೇಕು. ಎಳೆಯಲು ಜಾಗವೇ ಇಲ್ಲದಿದ್ದರೆ ನೂಕುವುದೇನನ್ನು? ಅದೇ ಹಳೆಯ ಎತ್ತರದ ಮನೆಗಳಲ್ಲಿ ಫ್ಯಾನು ಸೂರಿಗೇ ಅಂಟಿಕೊಂಡು ಕೂತಿದ್ದರೆ ಗಾಳಿ ನಮ್ಮ ತನಕ ಬರುವಷ್ಟರಲ್ಲಿ ಬಡವಾಗಿರುತ್ತದೆ. ಅಲ್ಲಿ ಉದ್ದದ ರಾಡು ಬೇಕು.

ಈಗ ಯಂತ್ರದ ಆರೈಕೆ. ನಮ್ಮ ಓಣಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ. ಮಾರ್ಚ್ ಬಂತೆಂದರೆ ಅವನ ಅಂಗಡಿಯ ಮುಂದೆ ಫ್ಯಾನುಗಳ ರಾಶಿ. ಅವನು ಹೇಳುವ ಪ್ರಕಾರ ಬರುವ ದೂರು ಎರಡೇ, "ಗಾಳಿ ಬರವಲ್ದು" ಮತ್ತು "ಸಪ್ಪಳ ಮಾಡ್ತದ".

ಗಾಳಿ ಬರದಿರುವುದಕ್ಕೆ ಮೊದಲ ಕಾರಣ ಧೂಳು. ರೆಕ್ಕೆಯ ಮುಂಚೂಣಿಯ ಅಂಚಿಗೆ ಅಂಟಿದ ಧೂಳು ಗಾಳಿಯನ್ನು ನಯವಾಗಿ ಜಾರಲು ಬಿಡುವುದಿಲ್ಲ. ಹಳೆಯ ದಿಂಬಿನ ಗವಸನ್ನು ರೆಕ್ಕೆಗೆ ತೊಡಿಸಿ ಒತ್ತಿ ಹಿಂದಕ್ಕೆ ಎಳೆಯಿರಿ. ಧೂಳೆಲ್ಲ ಗವಸಿನೊಳಗೇ ಬೀಳುತ್ತದೆ, ಹಾಸಿಗೆಯ ಮೇಲೆ ಬೀಳುವುದಿಲ್ಲ. ಸ್ವಿಚ್ ಆರಿಸಿ, ಗಟ್ಟಿ ಸ್ಟೂಲು ಹಾಕಿಕೊಂಡು ಮಾಡಬೇಕಾದ ಕೆಲಸ ಎಂಬುದನ್ನು ಮರೆಯಬೇಡಿ.

ಒರೆಸಿದರೂ ವೇಗ ಬರದಿದ್ದರೆ ಕಾರಣ ಬಹುಪಾಲು ಕಂಡೆನ್ಸರ್. ಸಾಮಾನ್ಯ ಫ್ಯಾನಿನೊಳಗೆ 2.5 ಮೈಕ್ರೋಫ್ಯಾರಡ್ಡಿನ ಒಂದು ಪುಟ್ಟ ಡಬ್ಬಿ ಇರುತ್ತದೆ. ವರ್ಷ ಕಳೆದಂತೆ ಅದರ ಶಕ್ತಿ ಕುಂದುತ್ತದೆ, ಫ್ಯಾನು ನಿಧಾನವಾಗುತ್ತದೆ, ಕೊನೆಗೆ ಕೋಲಿನಿಂದ ತಿವಿದರೆ ಮಾತ್ರ ಶುರುವಾಗುತ್ತದೆ. ಹೊಸ ಫ್ಯಾನು ತರುವ ಮುನ್ನ ಅದೊಂದನ್ನು ಬದಲಿಸಿ ನೋಡಿ. ಅದರ ಬೆಲೆ ಒಂದು ಹೊತ್ತಿನ ತರಕಾರಿಯಷ್ಟು.

ಮೂರನೆಯದು ಸ್ವಲ್ಪ ತಮಾಷೆಯದು. ಕಾಯಿಲ್ ಸುತ್ತಿಸಿ ತಂದ ಫ್ಯಾನು ಭರ್ರನೆ ತಿರುಗುತ್ತದೆ, ಆದರೆ ಗಾಳಿಯೇ ಇಲ್ಲ. ಕೆಳಗೆ ನಿಂತು ನೋಡಿ: ನಮ್ಮ ದೇಶದ ಫ್ಯಾನುಗಳು ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಬೇಕು. ವೈರು ಅದಲುಬದಲಾದರೆ ಉಲ್ಟಾ ತಿರುಗಿ ಗಾಳಿಯನ್ನು ಸೂರಿಗೆ ಹೊಡೆಯುತ್ತದೆ. ಹೋದ ವರ್ಷ ಬಂಧುಗಳೊಬ್ಬರ ಮನೆಯಲ್ಲಿ ಇಡೀ ಒಂದು ವಾರ ಸೂರಿಗೆ ಗಾಳಿ ಹಾಕಿದ್ದರು!

ಸಪ್ಪಳದ ದೂರಿಗೆ ಕಾರಣ ಬೇರಿಂಗ್ ಸವೆದಿರುವುದು ಅಥವಾ ರೆಕ್ಕೆಯ ಸ್ಕ್ರೂ ಸಡಿಲವಾಗಿರುವುದು. ಫ್ಯಾನು ತೂರಾಡಿದರೆ ಒಂದು ಕೋಲನ್ನು ಸೂರಿಗೆ ಆನಿಸಿ, ಫ್ಯಾನನ್ನು ಕೈಯಿಂದ ನಿಧಾನ ತಿರುಗಿಸುತ್ತ ಮೂರೂ ರೆಕ್ಕೆಗಳ ತುದಿ ಒಂದೇ ಮಟ್ಟದಲ್ಲಿವೆಯೇ ನೋಡಿ. ಒರೆಸುವಾಗ ಬಗ್ಗಿಸಿದ ಒಂದು ರೆಕ್ಕೆಯೇ ಬಹಳ ಸಲ ಅಪರಾಧಿ. ಹಾಗೆಯೇ, ರೆಕ್ಕೆ ಒರೆಸಿದ ದಿನ ಮೇಲಿನ ಕೊಕ್ಕೆ, ಬೋಲ್ಟು, ಅದರ ಪಿನ್ನು ಗಟ್ಟಿಯಿವೆಯೇ ಎಂದೂ ಒಮ್ಮೆ ನೋಡಿಸಿ. ತಲೆಯ ಮೇಲೆ ತೂಗುವ ವಸ್ತುವಿನ ವಿಷಯದಲ್ಲಿ ಉದಾಸೀನ ಸಲ್ಲದು.

"ವೇಗ ಕಡಿಮೆ ಮಾಡಿದರೆ ಕರೆಂಟ್ ಉಳಿಯುತ್ತದೆಯೇ?" ಇದು ನನಗೆ ಬಂದಷ್ಟು ಸಲ ಬೇರೆ ಪ್ರಶ್ನೆ ಬಂದಿಲ್ಲ. ಉತ್ತರ ನಿಮ್ಮ ರೆಗ್ಯುಲೇಟರಿನಲ್ಲಿದೆ. ಹಿಂದಿನ ಕಾಲದ ದೊಡ್ಡ ಡಬ್ಬಿಯ ರೆಗ್ಯುಲೇಟರ್ ನಿಮಗೆ ನೆನಪಿರಬಹುದು, ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಫ್ಯಾನಿಗೆ ಕೊಡದೆ ಉಳಿಸಿದ ಕರೆಂಟನ್ನು ಅದು ತಾನೇ ಸುಟ್ಟು ಬಿಸಿ ಮಾಡುತ್ತಿತ್ತು. ಹಾಗಾಗಿ ಉಳಿತಾಯ ಅಷ್ಟಕ್ಕಷ್ಟೇ. ಸ್ವಿಚ್‌ಬೋರ್ಡಿನಲ್ಲೇ ಕೂರುವ ಈಗಿನ ಪುಟ್ಟ ರೆಗ್ಯುಲೇಟರ್ ಹಾಗೆ ಸುಡುವುದಿಲ್ಲ. ವೇಗ ಇಳಿಸಿದಷ್ಟೂ ಕರೆಂಟು ಉಳಿಯುತ್ತದೆ. ಹಳೆಯ ಡಬ್ಬಿ ಇನ್ನೂ ಗೋಡೆಯಲ್ಲಿದ್ದರೆ ಮೊದಲು ಅದನ್ನು ಬದಲಿಸಿ.

ಹೊಸ ಫ್ಯಾನು ಕೊಳ್ಳುವವರಿಗೆ ಎರಡು ಮಾತು. 2023ರ ಜನವರಿ 1ರಿಂದ ನಮ್ಮ ದೇಶದಲ್ಲಿ ಸೀಲಿಂಗ್ ಫ್ಯಾನುಗಳಿಗೆ ನಕ್ಷತ್ರದ ಗುರುತು ಕಡ್ಡಾಯವಾಗಿದೆ. ಆ ನಕ್ಷತ್ರ ಕೊಡುವುದು ಒಂದು ವ್ಯಾಟಿಗೆ ಎಷ್ಟು ಗಾಳಿ ಎಂಬ ಲೆಕ್ಕದ ಮೇಲೆ. ಒಂದು ಎಮ್ಮೆ ತಿನ್ನುವ ಮೇವಿಗೆ ಎಷ್ಟು ಹಾಲು ಕೊಡುತ್ತದೆ ಎಂದು ನೋಡುವ ಹಾಗೆ. ಈಗ ಬಂದಿರುವ ಬಿಎಲ್‌ಡಿಸಿ ಫ್ಯಾನುಗಳು ಹೆಚ್ಚುಕಡಿಮೆ 30 ವ್ಯಾಟಿನಲ್ಲೇ ಅಷ್ಟೇ ಗಾಳಿ ಕೊಡುತ್ತವೆ. ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ಹಳೆಯ ಫ್ಯಾನಿಗೆ ತಿಂಗಳಿಗೆ 27 ಯೂನಿಟ್, ಹೊಸದಕ್ಕೆ ಸುಮಾರು 11. ಮೂರು ಫ್ಯಾನಿನ ಮನೆಯಲ್ಲಿ ತಿಂಗಳಿಗೆ ಹತ್ತಿರಹತ್ತಿರ 50 ಯೂನಿಟ್ ಉಳಿಯುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇದೆಯಲ್ಲ ಎನ್ನಬೇಡಿ. ಬೇಸಿಗೆಯಲ್ಲಿ 200 ಯೂನಿಟ್ ಗೆರೆ ದಾಟಿದವರಿಗೆ ಆ 50ರ ಬೆಲೆ ಗೊತ್ತು. ಈ ಹೊಸ ಫ್ಯಾನಿನ ಇನ್ನೂ ಒಂದು ಗುಣ: ಸಂಜೆ ವೋಲ್ಟೇಜ್ ಬಿದ್ದಾಗ ಹಳೆಯ ಫ್ಯಾನು ಸೊರಗುತ್ತದೆ, ಇದು ಅಷ್ಟು ಸೊರಗುವುದಿಲ್ಲ. ಇನ್ವರ್ಟರ್ ಮೇಲೂ ಎರಡು ಪಟ್ಟು ಹೊತ್ತು ತಿರುಗುತ್ತದೆ. ಆದರೆ ಇದನ್ನು ಗೋಡೆಯ ರೆಗ್ಯುಲೇಟರಿಗೆ ಜೋಡಿಸಬಾರದು; ರಿಮೋಟಿನಿಂದಲೇ ವೇಗ ಬದಲಿಸಬೇಕು. ಎಸಿ ಇರುವವರು ಅದನ್ನು 26 ಡಿಗ್ರಿಗೆ ಇಟ್ಟು ಫ್ಯಾನನ್ನು ಸಣ್ಣಗೆ ಬಿಡಿ. ಗಾಳಿಯಾಡುವ 26 ಡಿಗ್ರಿ, ಗಾಳಿಯಾಡದ 23-24 ಡಿಗ್ರಿಯಷ್ಟೇ ಹಿತ.

ಈ ಯಂತ್ರದ ವಯಸ್ಸೂ ಹೆಚ್ಚೇನಿಲ್ಲ. ಅಮೆರಿಕದಲ್ಲಿ ಹೊಲಿಗೆ ಯಂತ್ರಗಳ ಕೆಲಸದಲ್ಲಿದ್ದ ಫಿಲಿಪ್ ಡೀಲ್ ಎಂಬಾತ 1880ರ ದಶಕದಲ್ಲಿ ಹೊಲಿಗೆ ಯಂತ್ರದ ಮೋಟರಿಗೆ ರೆಕ್ಕೆ ಕಟ್ಟಿ ಸೂರಿಗೆ ತೂಗುಹಾಕಿದ. ನಮ್ಮ ನಾಡಿನಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿತು. ಅದಕ್ಕೂ ಮುಂಚೆ ಸಾಹೇಬರ ಬಂಗಲೆ, ಕಚೇರಿಗಳಲ್ಲಿ ಸೂರಿನಿಂದ ಬಟ್ಟೆಯ ದೊಡ್ಡ ಪಂಖಾ ಇಳಿಬಿಟ್ಟಿರುತ್ತಿದ್ದರು. ಹೊರಗೆ ಜಗಲಿಯಲ್ಲಿ ಕೂತ ಆಳು ಅದರ ಹಗ್ಗ ಎಳೆಯುತ್ತಿದ್ದ. ಒಳಗಿನವರಿಗೆ ಗಾಳಿ, ಅವನಿಗೆ ಬೆವರು. ಆದರೆ ಒಂದು ವಿಷಯದಲ್ಲಿ ಅವನು ನಮಗಿಂತ ಜಾಣ. ಸಾಹೇಬ ಎದ್ದುಹೋದ ಮೇಲೂ ಖಾಲಿ ಕುರ್ಚಿಗೆ ಗಾಳಿ ಹಾಕುತ್ತಾ ತೋಳು ನೋಯಿಸಿಕೊಳ್ಳುತ್ತಿರಲಿಲ್ಲ. ಈಗ ಹಗ್ಗ ಎಳೆಯುವುದು ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲು, ಶರಾವತಿಯಲ್ಲಿ ಇಳಿಯುವ ನೀರು. ಅವುಗಳ ತೋಳು ನೋಯುವುದು ನಮಗೆ ಕಾಣಿಸುವುದಿಲ್ಲ.

ಪಡಸಾಲೆಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಎರಡು ಉಷ್ಣಮಾಪಕ, ಒದ್ದೆ ಬಟ್ಟೆ ಎಲ್ಲವನ್ನೂ ನನ್ನ ಹೆಂಡತಿ ಬಾಗಿಲಿಗೆ ಒರಗಿ ನಿಂತು ನೋಡಿದಳು, ಏನೂ ಅನ್ನಲಿಲ್ಲ. ಈ ವರ್ಷ ಮೊನ್ನೆ ಮತ್ತೊಂದು ಊರಿಗೆ ಹೊರಟೆವು. ಬೀಗ ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತವಳು, "ಫ್ಯಾನ್ ಆರಿಸಿದ್ರೇನು?" ಅಂದಳು. ಆರಿಸಿದೆ ಅಂದೆ. ನಂಬಲಿಲ್ಲ, ಒಳಗೆ ಹೋದಳು. ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದಾಗ ಕೈ ಒದ್ದೆಯಾಗಿತ್ತು.

"ಗಡಿಗಿಗಿ ಸುತ್ತಿದ ಬಟ್ಟಿ ತೋಯಿಸಿ ಬಂದೆ. ತಿರುಗಿ ಬರೋದ್ರಾಗ ನೀರರೆ ತಂಪ ಆಗಿರ್ತಾವ."